ಹನ್ನೊಂದರಿಂದ ಭಾಗವಾಗದ ಸಂಖ್ಯೆ

2023ರಲ್ಲಿ ನಾನು ಚಿಕ್ಕಬಳ್ಳಾಪುರದ ಖಾಸಗಿ ರಕ್ತಪರೀಕ್ಷಾ ಕೇಂದ್ರವೊಂದರಲ್ಲಿ ಹಿರಿಯ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಶಾಖೆಗಳಲ್ಲಿ ತೆಗೆದ ರಕ್ತವೂ ನಮ್ಮಲ್ಲಿಗೆ ಬಂದು, ಬೆಂಗಳೂರಿನ ದೊಡ್ಡ ಲ್ಯಾಬಿಗೆ ಹೋಗುತ್ತಿತ್ತು. ಟ್ಯೂಬಿನ ಮೇಲೆ ಹತ್ತಂಕಿಯ ಸ್ಟಿಕ್ಕರ್ ಮಾತ್ರ. ಹೆಸರು ಇರುತ್ತಿದ್ದುದು ಆಯಾ ಶಾಖೆಯ ಪುಸ್ತಕದಲ್ಲಿ. ಸ್ಟಿಕ್ಕರ್ ಸುರುಳಿಗಳು ಹಂಚುವಾಗ ಬೆರೆತುಹೋಗುತ್ತಿದ್ದವು, ಸಂಖ್ಯೆ ನೋಡಿ ಊರು ಹೇಳುವಂತಿರಲಿಲ್ಲ.

ಒಂದು ಮಧ್ಯಾಹ್ನ ಬೆಂಗಳೂರಿನಿಂದ ಫೋನ್ ಬಂತು. 4730921656 ಸಂಖ್ಯೆಯ ಮಾದರಿಯಲ್ಲಿ ಪೊಟ್ಯಾಸಿಯಂ 7.4, ಕೂಡಲೇ ರೋಗಿಗೆ ತಿಳಿಸಿ ಎಂದರು. ಅದು ಐದರ ಆಸುಪಾಸು ದಾಟಬಾರದು. ಏಳು ಮೀರಿದರೆ ಹೃದಯ ಯಾವ ಕ್ಷಣದಲ್ಲಾದರೂ ನಿಲ್ಲಬಹುದು. ಅದಕ್ಕೆ ಮುಂಚೆ ಸುಸ್ತು ಬಿಟ್ಟರೆ ಬೇರೇನೂ ಕಾಣಿಸದಿರಬಹುದು.

ಆ ಸಂಖ್ಯೆ ನಾಲ್ಕೂ ಊರಿನ ಪುಸ್ತಕಗಳಲ್ಲಿ ಇರಲಿಲ್ಲ. ಬೆಂಗಳೂರಿನವರನ್ನು ಮತ್ತೆ ಕೇಳಿದರೆ, ಐಸಿನ ನೀರಿಗೆ ಸ್ಟಿಕ್ಕರ್ ನೆನೆದು ಯಂತ್ರ ಓದಲಿಲ್ಲ, ಯಾರೋ ಕಣ್ಣಂದಾಜಿನಲ್ಲಿ ಟೈಪ್ ಮಾಡಿದ್ದಾರೆ, ಈಗಂತೂ ಅಂಕಿಗಳೇ ಉಳಿದಿಲ್ಲ ಎಂದರು. ಅಂದು ರಕ್ತ ಕೊಟ್ಟವರು ಇನ್ನೂರಕ್ಕೂ ಹೆಚ್ಚು, ಹೆಚ್ಚಿನವರ ಫಲಿತಾಂಶ ಇನ್ನೂ ಬಂದಿರಲಿಲ್ಲ. ಅವರಲ್ಲೊಬ್ಬರು ಸಾವನ್ನು ಒಳಗಿಟ್ಟುಕೊಂಡು ಓಡಾಡುತ್ತಿದ್ದರು.

ಆಗ ನೆನಪಾದದ್ದು ಸ್ಟಿಕ್ಕರಿನ ನಿಯಮ: ತಪ್ಪು ಪತ್ತೆಯಾಗಲೆಂದೇ ನಮ್ಮ ಪ್ರತಿ ಸಂಖ್ಯೆಯೂ ಹನ್ನೊಂದರಿಂದ ಶೇಷವಿಲ್ಲದೆ ಭಾಗವಾಗಬೇಕು. ಒಂದು ಬಿಟ್ಟು ಒಂದು ಅಂಕಿಗಳನ್ನು ಕೂಡಿದರೆ ಎರಡು ಮೊತ್ತ ಸಿಗುತ್ತವೆ; ಅವುಗಳ ವ್ಯತ್ಯಾಸ ಸೊನ್ನೆಯೋ ಹನ್ನೊಂದೋ ಹನ್ನೊಂದರ ಗುಣಕವೋ ಆಗಿರಬೇಕು. ಇಲ್ಲಿ ಬಂದದ್ದು 22 ಮತ್ತು 21. ಅಂದರೆ ಇಂಥ ಸಂಖ್ಯೆ ನಮ್ಮಲ್ಲಿ ಹುಟ್ಟಿಯೇ ಇರಲಿಲ್ಲ.

ಟೈಪ್ ಮಾಡುವವರು ಹೆಚ್ಚಾಗಿ ಅಕ್ಕಪಕ್ಕದ ಅಂಕಿಗಳನ್ನೇ ಅದಲುಬದಲು ಮಾಡುತ್ತಾರೆ. ಒಂಬತ್ತು ಜೋಡಿಗಳನ್ನೂ ತಿರುಗಿಸಿ ನೋಡಿದೆ. ಒಂದೇ ಹೊಂದಿತು, 1 ಮತ್ತು 6. ಮೊತ್ತ 27 ಮತ್ತು 16, ವ್ಯತ್ಯಾಸ ಹನ್ನೊಂದು. 4730926156.

ಶಿಡ್ಲಘಟ್ಟ ಶಾಖೆಯ ಶಬಾನಾ ಪುಸ್ತಕ ನೋಡಿ ಹೇಳಿದಳು: "ಇದೆ ಮೇಡಂ. ಜಂಗಮಕೋಟೆ ಮುನಿರತ್ನಮ್ಮ. ಬೆಳಿಗ್ಗೇನೇ ಕಾಲಲ್ಲಿ ಶಕ್ತಿ ಇಲ್ಲ ಅಂತಿದ್ರು."

ಮೂರು ಸಲ ಫೋನ್ ಮಾಡಿದರೂ ಆಕೆ ಎತ್ತಲಿಲ್ಲ. ಶಬಾನಾ ಆಟೋ ಹಿಡಿದು ಹೊರಟಳು. ಬೆಂಗಳೂರಿನವರು ಅದಲುಬದಲು ಮಾಡದೆ ಅಂಕಿಯೊಂದನ್ನೇ ತಪ್ಪಾಗಿ ಓದಿದ್ದರೆ ನನ್ನ ಲೆಕ್ಕ ಬರೀ ಊಹೆ. ನಿಜವಾದ ರೋಗಿ ಇನ್ನೆಲ್ಲೋ ಕುಸಿಯುತ್ತಿರಬಹುದು. ಅದಕ್ಕೇ ಉಳಿದವರಿಗೂ ಫೋನ್ ಮಾಡಿಸುತ್ತಲೇ ಇದ್ದೆ.

ಅರ್ಧ ಗಂಟೆಯ ನಂತರ ಶಬಾನಾ ನನಗೆ ಕರೆ ಮಾಡಿ, ಫೋನನ್ನು ಮುನಿರತ್ನಮ್ಮನ ಕೈಗೆ ಕೊಟ್ಟಳು. ಆಕೆ ರೇಷ್ಮೆ ಹುಳುಗಳ ನಡುವೆ ಗೋಡೆಗೊರಗಿ ಕುಳಿತಿದ್ದರಂತೆ.

"ಹುಳಕ್ಕೆ ಸೊಪ್ಪು ಹಾಕ್ಬಿಟ್ಟು ಬರ್ತೀನಮ್ಮ. ನಂಗೇನಾಗಿದೆ?"

"ಸೊಪ್ಪು ಬೇರೆಯವ್ರು ಹಾಕ್ತಾರೆ. ನೀವು ಏಳ್ಬೇಡಿ, ಆಂಬುಲೆನ್ಸ್ ಬಾಗಿಲಿಗೇ ಬರುತ್ತೆ."

ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯಲ್ಲಿ ಹೃದಯದ ಬಡಿತ ಆಗಲೇ ಹದಗೆಟ್ಟಿತ್ತು. ಯಾರಿಗೂ ಗೊತ್ತಾಗದಂತೆ ಮೂತ್ರಪಿಂಡಗಳು ಸೋತಿದ್ದವು. ಡಯಾಲಿಸಿಸ್ ಆಯಿತು, ಆಕೆ ಉಳಿದರು.

ನಮ್ಮ ಪುಸ್ತಕದಲ್ಲಿ 'ರೋಗಿ ಪತ್ತೆಯಿಲ್ಲ' ಎಂಬ ಒಂದು ಕಾಲಂ ಇತ್ತು. ಮರುದಿನ ಅದನ್ನು ತೆರೆದೆ. ಹಿಂದಿನ ವರ್ಷದ ಹನ್ನೆರಡು ಸಂಖ್ಯೆಗಳು, ಎಲ್ಲ ನನ್ನದೇ ಕೈಬರಹ. ಒಂದೊಂದರ ಅಂಕಿಗಳನ್ನೂ ತಿರುಗಿಸಿ ಹನ್ನೊಂದರಿಂದ ಭಾಗಿಸುತ್ತಾ ಕುಳಿತೆ. ಒಂಬತ್ತು ಮಂದಿ ಸಿಕ್ಕರು, ಎಲ್ಲರೂ ಕ್ಷೇಮವಾಗಿದ್ದರು. ಹೊಂದದ ಸಂಖ್ಯೆಯನ್ನು ಬರೆದು ಮುಚ್ಚಿಡಬಾರದು, ಅದರ ಬೆನ್ನು ಹತ್ತಬೇಕು ಎಂದು ವೃತ್ತಿ ಕಲಿಸಿದ್ದು ಅಂದು. ಉಳಿದ ಮೂವರು ಯಾರೆಂದು ನನಗೆ ಇಂದಿಗೂ ತಿಳಿದಿಲ್ಲ.