ಪ್ರಣೀತಾಳ ಶುಕ್ರವಾರಗಳು

ಸೈನಬ ಮಸ್ಕತ್ತಿಗೆ ಬಂದು ಹತ್ತೊಂಬತ್ತು ವರ್ಷವಾಗಿತ್ತು. ವಾದಿ ಅದಾಯ್‌ನ ಒಂದು ಹಳೆಯ ಒಮಾನಿ ಮನೆಯಲ್ಲಿ ಅವಳು ಅಡುಗೆಯವಳು. ಮನೆಯೊಡತಿ ಉಮ್ಮ್ ನಾಸಿರ್ ಎಪ್ಪತ್ತು ದಾಟಿದ ವಿಧವೆ. ಅವಳನ್ನು ಸೈನಬ ಎಲ್ಲ ಕೆಲಸದವರಂತೆ 'ಮಾಮಾ', ಅಂದರೆ ಅಮ್ಮಾ, ಎಂದೇ ಕರೆಯುತ್ತಿದ್ದಳು. ಶುಕ್ರವಾರ ಮಧ್ಯಾಹ್ನದ ಊಟವಾಗಿ ಪಾತ್ರೆ ಬೋರಲು ಹಾಕಿದ ಮೇಲೆ ಸೈನಬಳಿಗೆ ಬಿಡುವು. ಆ ಬಿಡುವಿನಲ್ಲಿ ಅವಳು ಹೋಗುತ್ತಿದ್ದದ್ದು ಒಂದೇ ಕಡೆಗೆ. ಎರಡು ಓಣಿ ದಾಟಿ, ಮೂರು ಮಹಡಿ ಹತ್ತಿ, ದೂಮಪ್ಪನ ಫ್ಲ್ಯಾಟಿಗೆ.

ದೂಮಪ್ಪ ಟೈರ್ ಶೋರೂಮೊಂದರಲ್ಲಿ ಸ್ಟೋರ್‌ಕೀಪರ್. ಅವನ ಹೆಂಡತಿ ಕುಸುಮ ಮುಡಿಪಿನವಳು, ಸೈನಬ ದೇರಳಕಟ್ಟೆಯವಳು. ಊರಿನಲ್ಲಿದ್ದರೆ ಒಂದೇ ಬಸ್ಸಿನಲ್ಲಿ ಓಡಾಡುವವರು. ಇಬ್ಬರೂ ಚಹಾ ಹಿಡಿದು ಕೂತರೆಂದರೆ ತುಳು, ಕನ್ನಡ, ನಡುವೆ ಒಂದೆರಡು ಬ್ಯಾರಿ ಮಾತು ಎಲ್ಲ ಕಲಸಿ ಸಂಜೆಯವರೆಗೆ ಸಾಗುತ್ತಿತ್ತು. ದಂಪತಿಗೆ ಒಬ್ಬಳೇ ಮಗಳು ಪ್ರಣೀತಾ, ಹನ್ನೊಂದನೇ ಕ್ಲಾಸು. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಬೆರಳಿನಿಂದ ಮೇಜು ಬಡಿಯುತ್ತ ಒಳಗೂ ಹೊರಗೂ ಸುಳಿದಾಡುವ ಹುಡುಗಿ. ಈ ಕಾಲದ ಮಕ್ಕಳಿಗೆ ಯಾರ ಪರಿವೆಯೂ ಇಲ್ಲ ಎಂದೇ ಸೈನಬ ತಿಳಿದಿದ್ದಳು.

ಒಂದು ಶುಕ್ರವಾರ ಆ ಹುಡುಗಿ ಇಯರ್‌ಫೋನು ಕಿತ್ತು ಕೇಳಿದಳು. "ಸೈನಬಕ್ಕಾ, ನೀವು ಒಮಾನಿನಲ್ಲಿ ಎಲ್ಲೆಲ್ಲ ನೋಡಿದ್ದೀರಿ?"

"ಏರ್‌ಪೋರ್ಟ್ ನೋಡಿದ್ದೇನೆ. ಮಾಮಾನ ಒಟ್ಟಿಗೆ ಆಸ್ಪತ್ರೆಗೆ ಹೋಗಿದ್ದೇನೆ. ಮತ್ತೆ ನಿಮ್ಮ ಮನೆ."

"ಸಮುದ್ರ?"

"ಕಾರಿನ ಗ್ಲಾಸಿನಲ್ಲಿ ಒಂದು ಸಲ ಕಂಡ ಹಾಗೆ ಆಯ್ತು. ಮಡಿಲಲ್ಲಿ ಮಾಮಾನ ಮೊಮ್ಮಗು ಇತ್ತು, ವಾಂತಿ ಮಾಡ್ತಾ ಇತ್ತು."

"ಹತ್ತೊಂಬತ್ತು ವರ್ಷ! ನನ್ನ ವಯಸ್ಸಿಗಿಂತ ಮೂರು ವರ್ಷ ಜಾಸ್ತಿ!" ಎಂದು ಪ್ರಣೀತಾ ತಾಯಿಯ ಕಡೆ ತಿರುಗಿದಳು. "ಅಮ್ಮಾ, ಒಬ್ಬಳೇ ಬಸ್ಸಿನಲ್ಲಿ ತಿರುಗಬೇಡ, ದೊಡ್ಡವರು ಯಾರಾದರೂ ಇದ್ದರೆ ಹೋಗು ಅಂತ ನೀನೇ ಹೇಳಿದ್ದಲ್ವಾ? ಇಗಾ, ದೊಡ್ಡವರು ಸಿಕ್ಕಿದರು."

ಕುಸುಮ ನಗುತ್ತ ಕೈ ಚೆಲ್ಲಿದಳು. ಹುಡುಗಿಗೆ ಜೊತೆ ಬೇಕಿತ್ತು, ತನಗೆ ದಾರಿ ತೋರಿಸುವವರು ಬೇಕಿತ್ತು ಎಂಬುದು ಸೈನಬಳಿಗೆ ಆ ಕ್ಷಣದಲ್ಲೇ ಹೊಳೆಯಿತು. ಆದರೆ ಹುಡುಗಿ ಅದನ್ನು ಮುಚ್ಚಿಡದೆ ನೇರವಾಗಿ ಹೇಳಿದ್ದು ಅವಳಿಗೆ ಹಿಡಿಸಿತು.

ಮುಂದಿನ ಶುಕ್ರವಾರ ರೂವಿಗೆ ಹೋಗಿ, ಅಲ್ಲಿಂದ ಮತ್ರಾದ ಬಸ್ಸು ಹಿಡಿದರು. ಕಿಟಕಿಯ ಸೀಟನ್ನು ಸೈನಬಳಿಗೇ ಬಿಟ್ಟು ಪ್ರಣೀತಾ ಇಯರ್‌ಫೋನಿನ ಒಂದು ತುದಿಯನ್ನು ಅವಳ ತಲೆವಸ್ತ್ರದೊಳಗೆ ಮೆಲ್ಲಗೆ ಸಿಕ್ಕಿಸಿದಳು. ಕೊರಿಯಾದ ಹುಡುಗರು ಹಾಡುತ್ತಿದ್ದರು.

"ಇವರಿಗೆ ಎಂತ ಆಗಿದೆ ಮಗಾ? ಹಿಂದಿನಿಂದ ನಾಯಿ ಅಟ್ಟಿಸಿಕೊಂಡು ಬಂದ ಹಾಗೆ ಹಾಡ್ತಾರಲ್ಲ!"

ಪ್ರಣೀತಾ ನಕ್ಕು ಬೇರೆ ಹಾಕಿದಳು. ಈಗ ಯಾರೋ ಒಬ್ಬಾತ ಊದ್ ಎಂಬ ಅರಬ್ಬಿ ತಂತಿವಾದ್ಯ ನುಡಿಸುತ್ತಿದ್ದ. ತಂತಿಯ ಆ ದಪ್ಪ ದನಿ ಎದೆಯೊಳಗೆ ಯಾರೋ ಕುರ್ಚಿ ಸರಿಸಿದಂತೆ ಕೇಳಿಸಿತು. ಹುಡುಗಿಯ ಬೆರಳು ಎದುರಿನ ಸೀಟಿನ ಬೆನ್ನಿನ ಮೇಲೆ ತಾಳ ಹಾಕುತ್ತಿತ್ತು, ಒಂದು ಪೆಟ್ಟೂ ತಪ್ಪದೆ.

ತಿರುವು ದಾಟಿದ್ದೇ ಗುಡ್ಡಗಳು ಸರಿದು ಸಮುದ್ರ ಪೂರ್ತಿಯಾಗಿ ಎದುರು ಬಂತು. ಸೈನಬ ಬಸ್ಸಿಳಿದವಳೇ ದಂಡೆಯ ಕಟ್ಟೆಯ ಮೇಲೆ ಕೈಯೂರಿ ನಿಂತುಬಿಟ್ಟಳು. ಗಂಡ ಮೀನು ಹಿಡಿಯುವವನಾಗಿದ್ದ, ಅವನು ತೀರಿಹೋದ ಮೇಲೆಯೇ ಅವಳು ವೀಸಾ ಹಿಡಿದದ್ದು. ಉಪ್ಪುಗಾಳಿ ಮುಖಕ್ಕೆ ಬಡಿಯುವಾಗ ಅವಳು ಕೇಳಿದಳು. "ಇದು ನಮ್ಮದೇ ಸಮುದ್ರವಾ?"

"ಇದು ಒಮಾನ್ ಕೊಲ್ಲಿ. ಸ್ವಲ್ಪ ಆಚೆ ತಿರುಗಿದರೆ ನಮ್ಮದಕ್ಕೆ ಸೇರ್ತದೆ. ನೀರಿಗೆ ವೀಸಾ ಬೇಡ ಅಲ್ವಾ" ಎಂದಳು ಪ್ರಣೀತಾ. ಅಷ್ಟು ಹೇಳಿ ಹತ್ತು ಹೆಜ್ಜೆ ದೂರ ಹೋಗಿ ಬೆನ್ನು ಹಾಕಿ ಕುಳಿತಳು. ಸೈನಬಳ ಅಳು ನಿಲ್ಲುವವರೆಗೆ ತಿರುಗಿ ನೋಡಲಿಲ್ಲ.

ಅಂದಿನಿಂದ ಶುಕ್ರವಾರಗಳ ಬಣ್ಣವೇ ಬದಲಾಯಿತು. ಮತ್ರಾ ಪೇಟೆಯ ಸಂದಿಗಳಲ್ಲಿ ಲೋಬಾನದ ಹೊಗೆ ಎಲ್ಲಿ ದಟ್ಟವಾಗಿರುತ್ತದೆ, ಹಲ್ವಾದ ಅಂಗಡಿಯಲ್ಲಿ ಬಿಸಿ ತುಂಡನ್ನು ರುಚಿ ನೋಡಲು ಕೊಡುವ ಮುದುಕ ಯಾವ ಹೊತ್ತಿಗೆ ಕೂರುತ್ತಾನೆ, ಎಲ್ಲ ಹುಡುಗಿಗೆ ಗೊತ್ತು. ಶಾಲೆಯಲ್ಲಿ ಅವಳು ಆರಿಸಿಕೊಂಡ ಭಾಷೆ ಅರಬ್ಬಿ. ಪುಸ್ತಕದ ಅರಬ್ಬಿಯನ್ನು ಅಂಗಡಿಗಳಲ್ಲಿ ತಿದ್ದಿಕೊಂಡಿದ್ದಳು. ಬಸ್ಸಿನ ಡ್ರೈವರಿಗೆ ಸಲಾಂ ಹೇಳದೆ ಹತ್ತುತ್ತಿರಲಿಲ್ಲ. ತಿನ್ನುವುದರಲ್ಲಿ ಅವಳಿಗೆ ಮೇಲು ಕೀಳು ಇರಲಿಲ್ಲ. ಅವಳ ಪರಮಪ್ರಿಯ ತಿಂಡಿಯೆಂದರೆ ಪರೋಟಾದ ಮೇಲೆ ಚೀಸ್ ಸವರಿ, ಖಾರದ ಪ್ಯಾಕೆಟ್ ಚಿಪ್ಸನ್ನು ಪುಡಿಮಾಡಿ ಉದುರಿಸಿ ಸುತ್ತಿದ್ದು, ಜೊತೆಗೆ ಏಲಕ್ಕಿ ಹಾಕಿದ ಕಡಕ್ ಚಹಾ.

"ಚಿಪ್ಸನ್ನು ರೊಟ್ಟಿಯಲ್ಲಿ ಸುತ್ತಿ ತಿನ್ನುವುದಾ? ಅಲ್ಲಾಹನೇ!" ಎಂದು ಮೊದಲ ಸಲ ಮೂಗು ಮುರಿದ ಸೈನಬ, ಮೂರನೇ ಶುಕ್ರವಾರ ಮನೆಯಿಂದಲೇ ಒಣಸಿಗಡಿಯ ಚಟ್ನಿ ತಂದು ಅದರ ಮೇಲೆ ಉದುರಿಸಿದಳು. ಪ್ರಣೀತಾ ಒಂದು ತುತ್ತು ಕಚ್ಚಿ ಕಣ್ಣು ಮುಚ್ಚಿದಳು. "ಸೈನಬಕ್ಕಾ, ಇದಕ್ಕೆ ನಿಮ್ಮ ಹೆಸರು ಇಡುವ."

ಐದನೇ ಶುಕ್ರವಾರ ಎಡವಟ್ಟಾಯಿತು. ಅಲ್ ಹೈಲ್‌ನ ಕಡಲತೀರದಲ್ಲಿ ಕೆಂಡದ ಮೇಲೆ ಸುಟ್ಟ ಮಿಷ್ಕಾಕ್ ಮಾಂಸದ ಕಡ್ಡಿಗಳನ್ನು ಹುಣಸೆಯ ಗೊಜ್ಜಿನಲ್ಲಿ ಅದ್ದಿ ತಿಂದು, ಅಲೆಯಲ್ಲಿ ಕಾಲು ನೆನೆಸಿ, ಸ್ಟಾಪಿಗೆ ಬಂದರೆ ಬಸ್ಸಿಲ್ಲ. ಕಾದರು. ಕತ್ತಲಾಯಿತು. ಹುಡುಗಿ ನೋಡಿಟ್ಟುಕೊಂಡಿದ್ದದ್ದು ಕೆಲಸದ ದಿನಗಳ ಸಮಯಪಟ್ಟಿ. ಶುಕ್ರವಾರ ಇಲ್ಲಿ ರಜಾದಿನ, ಬಸ್ಸು ಕಡಿಮೆ. ಕೊನೆಗೆ ದೂಮಪ್ಪ ಕಾರು ತಂದು ಇಬ್ಬರನ್ನೂ ಹತ್ತಿಸಿಕೊಂಡ. ಸೈನಬ ಮನೆ ಮುಟ್ಟುವಾಗ ರಾತ್ರಿಯ ನಮಾಜು ಮುಗಿದಿತ್ತು. ಉಮ್ಮ್ ನಾಸಿರ್ ಬಾಗಿಲಲ್ಲೇ ನಿಂತಿದ್ದಳು.

"ನಿನಗೆ ಏನಾದರೂ ಆದರೆ ಉತ್ತರ ಹೇಳಬೇಕಾದವಳು ನಾನು. ಇನ್ನು ತಿರುಗಾಟ ಖಲಾಸ್!"

ಸೈನಬ ತಲೆ ತಗ್ಗಿಸಿ ಅಡುಗೆಮನೆಗೆ ಹೋದಳು. ಮುಗಿಯಿತು ಎಂದುಕೊಂಡಳು. ಸಿಕ್ಕಿದ್ದೇ ಹೆಚ್ಚು.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕರೆಗಂಟೆ ಸದ್ದಾಯಿತು. ಬಾಗಿಲು ತೆರೆದರೆ ಪ್ರಣೀತಾ, ಒಬ್ಬಳೇ, ಬರಿಗೈಯಲ್ಲಿ. ತಪ್ಪು ಒಪ್ಪಿಕೊಳ್ಳಲು ಹೋಗುವಾಗ ಸಿಹಿತಿಂಡಿ ತೆಗೆದುಕೊಂಡು ಹೋದರೆ ಅದು ಲಂಚ ಆಗ್ತದೆ ಎಂದು ಅವಳು ಆಮೇಲೆ ಸೈನಬಳಿಗೆ ಹೇಳಿದ್ದುಂಟು. ಉಮ್ಮ್ ನಾಸಿರ್‌ಳ ಎದುರು ನಿಂತು, ಅರಬ್ಬಿಯಲ್ಲಿ ನಿಧಾನವಾಗಿ, ಪದ ಹುಡುಕುತ್ತ ಹೇಳಿದಳು. "ಖಾಲತೀ, ಬಸ್ಸಿನ ಸಮಯ ತಪ್ಪಾಗಿ ನೋಡಿದ್ದು ನಾನು. ಕರೆದುಕೊಂಡು ಹೋದದ್ದೂ ನಾನು. ಬೈಯುವುದಿದ್ದರೆ ನನಗೆ ಬೈಯಿರಿ."

ಚಿಕ್ಕಮ್ಮಾ ಎಂದು ಕರೆಸಿಕೊಂಡ ಮುದುಕಿ ಬೈದಳು. ಸರಿಯಾಗಿಯೇ ಬೈದಳು. ಪ್ರಣೀತಾ ಕಣ್ಣು ತಗ್ಗಿಸದೆ, ಎದುರಾಡದೆ ಕೇಳಿಸಿಕೊಂಡಳು. ಬೈದು ದಣಿದ ಉಮ್ಮ್ ನಾಸಿರ್ ಕಾಫಿ, ಖರ್ಜೂರ ತರಲು ಸೈನಬಳಿಗೆ ಹೇಳಿದಳು. ಬಾಗಿಲ ಹಿಂದೆ ನಿಂತಿದ್ದ ಸೈನಬ ಅಡುಗೆಮನೆಗೆ ಓಡಿದಳು.

ಅವಳು ತಟ್ಟೆ ಹಿಡಿದು ಬರುವಾಗ ಮಾತು ಎಲ್ಲಿಗೋ ಹೋಗಿತ್ತು. ಮುದುಕಿ ತನ್ನ ತವರಿನ ಬಗ್ಗೆ ಹೇಳುತ್ತಿದ್ದಳು. ನಿಜ್ವಾದ ದಾರಿಯಲ್ಲಿ ಬಿರ್ಕತ್ ಅಲ್ ಮೌಜ್. ಬಾಳೆತೋಟಗಳ ಊರು. ಬೆಟ್ಟದಿಂದ ಇಳಿದು ಬರುವ ಫಲಜ್ ಕಾಲುವೆಯ ನೀರು. ಗಂಡ ತೀರಿಕೊಂಡ ಮೇಲೆ ಆರು ವರ್ಷದಿಂದ ಹೋಗಿಲ್ಲ. ಮಕ್ಕಳು ಮುಂದಿನ ತಿಂಗಳು, ಮುಂದಿನ ತಿಂಗಳು ಎನ್ನುತ್ತಾರೆ.

"ಆ ದಾರಿಯಲ್ಲಿ ಬಸ್ಸು ಉಂಟು ಖಾಲತೀ. ಬೆಳಿಗ್ಗೆ ಹೊರಡ್ತದೆ" ಎಂದಳು ಪ್ರಣೀತಾ.

"ನಾನು? ಬಸ್ಸಿನಲ್ಲಿ?" ಉಮ್ಮ್ ನಾಸಿರ್ ನಕ್ಕಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಎರಡು ದಿನ ಬಿಟ್ಟು ಅವಳೇ ಸೈನಬಳನ್ನು ಕರೆದು ಮೆಲುದನಿಯಲ್ಲಿ ಕೇಳಿದಳು. "ಆ ಬಸ್ಸಿನಲ್ಲಿ ಏಸಿ ಇದೆಯಂತಾ?"

ಸುದ್ದಿ ಕೇಳಿ ದೊಡ್ಡ ಮಗ ಫೋನು ಮಾಡಿ, ತಾನೇ ಕಾರಿನಲ್ಲಿ ಬಿಡುತ್ತೇನೆ ಎಂದನಂತೆ. ಆರು ವರ್ಷದಿಂದ ಇಲ್ಲದ ಸಮಯ ಈಗ ಎಲ್ಲಿಂದ ಬಂತು ಎಂದು ಕೇಳಿ ತಾಯಿ ಫೋನಿಟ್ಟಳು.

ಹಾಗೆ ಒಂದು ಶುಕ್ರವಾರ ಬೆಳಿಗ್ಗೆ ಮೂವರು ಹೊರಟರು. ಪ್ರಣೀತಾ ಈ ಸಲ ಬರುವ ಬಸ್ಸು, ಹೋಗುವ ಬಸ್ಸು ಎರಡರ ಸಮಯವನ್ನೂ ಫೋನು ಮಾಡಿ ಎರಡೆರಡು ಸಲ ಕೇಳಿಕೊಂಡಿದ್ದಳು. ಮುದುಕಿಯ ಮೊಣಕಾಲಿಗೆಂದು ಮುಂದಿನ ಸೀಟು ಹಿಡಿದು, ಮಡಚಿದ ದಿಂಬು ಇಟ್ಟಳು.

ಊರಿನಲ್ಲಿ ಬಾಳೆಗಳು ಹಾಗೆಯೇ ಇದ್ದವು, ಕಾಲುವೆಯಲ್ಲಿ ನೀರು ಓಡುತ್ತಿತ್ತು. ಆದರೆ ಗುಡ್ಡದ ಮೇಲಿನ ಹಳೆಯ ಮಣ್ಣಿನ ಮನೆಗಳಲ್ಲಿ ಉಮ್ಮ್ ನಾಸಿರ್ ಹುಟ್ಟಿದ ಮನೆಯ ಸೂರು ಕುಸಿದಿತ್ತು. ಅವಳು ಗೋಡೆಗೆ ಅಂಗೈ ಒತ್ತಿ ನಿಂತಳು. ಹುಡುಗಿ ಕೇಳಿದಳು. "ಖಾಲತೀ, ನಿಮ್ಮ ಅಡುಗೆಮನೆ ಯಾವ ಕಡೆ ಇತ್ತು?" ಅಷ್ಟೇ ಸಾಕಾಯಿತು. ಮುದುಕಿ ಕೋಲು ಊರಿಕೊಂಡು ಒಲೆ ಇಲ್ಲಿ, ನೀರಿನ ಮಡಕೆ ಇಲ್ಲಿ, ಅಣ್ಣ ಬಿದ್ದು ಹಲ್ಲು ಮುರಿದುಕೊಂಡ ಮೆಟ್ಟಿಲು ಇಲ್ಲಿ ಎಂದು ತೋರಿಸತೊಡಗಿದಳು.

ಮಧ್ಯಾಹ್ನ ಅವಳ ಅಕ್ಕನ ಮಗಳ ಮನೆಯಲ್ಲಿ ಊಟ. ಕಾಗದದಷ್ಟು ತೆಳ್ಳಗಿನ ರೊಟ್ಟಿ, ಜೇನು, ಮಾಂಸದ ಅನ್ನ. ಊಟವಾದ ಮೇಲೆ ಹೆಂಗಸರೇ ಕುಳಿತಿದ್ದಾಗ ಉಮ್ಮ್ ನಾಸಿರ್ ಇದ್ದಕ್ಕಿದ್ದಂತೆ ಖರ್ಜೂರ ಕೊಯ್ಲಿನ ಹಾಡೊಂದನ್ನು ಎತ್ತಿದಳು. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಮಾಮಾ ಹಾಡಬಲ್ಲಳೆಂದು ಸೈನಬಳಿಗೆ ಗೊತ್ತಿರಲಿಲ್ಲ. ಪ್ರಣೀತಾ ಫೋನಿಗೆ ಕೈ ಹಾಕಿ, ತಡೆದು, ಕೇಳಿದಳು. "ರೆಕಾರ್ಡ್ ಮಾಡಬಹುದಾ?"

"ಬೇಡ ಬಿಂತೀ, ಬೇಡ ಮಗಳೇ. ನನ್ನ ದನಿ ಹೊರಗೆ ಹೋಗುವುದು ಬೇಡ."

ಹುಡುಗಿ ಮುಖ ಸಣ್ಣ ಮಾಡಲಿಲ್ಲ. ಫೋನನ್ನು ಚೀಲಕ್ಕೆ ಹಾಕಿದಳು. "ಹಾಗಾದರೆ ಇನ್ನೊಂದು ಸಲ ಹಾಡಿ, ಕಲಿತುಕೊಳ್ತೇನೆ" ಎಂದಳು. ಮುದುಕಿ ನಾಲ್ಕು ಸಲ ಹಾಡಿದಳು. ನಾಲ್ಕನೇ ಸಲ ಪ್ರಣೀತಾ ತಾಮ್ರದ ತಟ್ಟೆಯನ್ನು ಬೋರಲು ಹಾಕಿ ಬೆರಳಲ್ಲಿ ತಾಳ ಕೊಡುತ್ತ ಜೊತೆಗೆ ಹಾಡಿದಳು. ಮನೆಯವರೆಲ್ಲ ಚಪ್ಪಾಳೆ ತಟ್ಟಿದರು.

"ಈಗ ಸೈನಬಕ್ಕ" ಎಂದು ಹುಡುಗಿ ತಿರುಗಿದಳು.

ಸೈನಬ ಕೈ ಅಲ್ಲಾಡಿಸಿದಳು. ಅವಳಿಗೆ ಬರುತ್ತಿದ್ದದ್ದು ಮದುಮಗಳ ಕೈಗೆ ಮದರಂಗಿ ಹಚ್ಚುವಾಗ ಹೇಳುವ ಮೈಲಾಂಜಿ ಹಾಡು ಮಾತ್ರ. ಊರಿನಲ್ಲಿ ಯಾರ ಮದುವೆಯಾದರೂ ಅವಳ ದನಿ ಇರಲೇಬೇಕಿತ್ತು. ಆದರೆ ಸ್ವಂತ ಮಗಳ ಮದುವೆ ಕೊರೊನಾದ ವರ್ಷ ಬಂತು, ವಿಮಾನವಿರಲಿಲ್ಲ. ಅಲ್ಲಿ ಮಗಳ ಕೈಗೆ ಮದರಂಗಿ ಹಚ್ಚುತ್ತಿದ್ದಾಗ ಇವಳು ಇಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಆಮೇಲೆ ಆ ಹಾಡು ಅವಳ ಬಾಯಿಗೆ ಬಂದೇ ಇರಲಿಲ್ಲ.

ಪ್ರಣೀತಾ ಒತ್ತಾಯ ಮಾಡಲಿಲ್ಲ. ಪಕ್ಕಕ್ಕೆ ಬಂದು ಕುಳಿತು ತಟ್ಟೆಯ ಮೇಲೆ ಸುಮ್ಮನೆ, ಮೆತ್ತಗೆ ತಾಳ ಹಿಡಿದಳು. ಸ್ವಲ್ಪ ಹೊತ್ತಿಗೆ ಸೈನಬಳಿಗೆ ತನ್ನದೇ ದನಿ ಕೇಳಿಸಿತು. ಮೊದಲು ಒಡೆದು ಬಂತು, ಎರಡನೇ ಸಾಲಿಗೆ ಸರಿಹೋಯಿತು. ಆ ಮನೆಯಲ್ಲಿ ಒಬ್ಬರಿಗೂ ಬ್ಯಾರಿ ಬಾರದು. ಆದರೂ ಹಾಡು ಮುಗಿದಾಗ ಉಮ್ಮ್ ನಾಸಿರ್ ಸರಿದು ಬಂದು ಅವಳ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

"ಮಗಳದ್ದು ನೆನಪಾಯಿತಾ?" ಎಂದು ಕೇಳಿದಳು. ಸೈನಬ ಹೌದೆಂದಳು.

ಸಂಜೆಯ ಬಸ್ಸು ಸಮಯಕ್ಕೆ ಸರಿಯಾಗಿ ಬಂತು. ಇಬ್ಬರು ಹಿರಿಯರ ನಡುವೆ ಕುಳಿತ ಪ್ರಣೀತಾ ಅರ್ಧ ದಾರಿಗೆ ನಿದ್ದೆಹೋದಳು. ಈ ಹುಡುಗಿಗೆ ಯಾರ ಪರಿವೆಯೂ ಇಲ್ಲವೆಂದು ಒಂದು ಕಾಲದಲ್ಲಿ ಭಾವಿಸಿದ್ದೆನಲ್ಲ ಎಂದು ಸೈನಬಳಿಗೆ ನಾಚಿಕೆಯಾಯಿತು. ಹುಡುಗಿಯ ತಲೆ ಮುಂದಕ್ಕೆ ವಾಲದಂತೆ ಮೆಲ್ಲಗೆ ತನ್ನ ಭುಜಕ್ಕೆ ಒರಗಿಸಿಕೊಂಡಳು.

ಈಗ ಪ್ರಣೀತಾ ಹನ್ನೆರಡನೇ ಕ್ಲಾಸು, ಶುಕ್ರವಾರ ಟ್ಯೂಷನ್ನು. ಸೈನಬ ತಾನೇ ಬಸ್ಸು ಹತ್ತುತ್ತಾಳೆ. ಕಳೆದ ತಿಂಗಳು ಪಕ್ಕದ ಮನೆಗೆ ಹೊಸದಾಗಿ ಕೆಲಸಕ್ಕೆ ಬಂದ ಕುಂದಾಪುರದ ಹೆಂಗಸನ್ನು ಮತ್ರಾಕ್ಕೆ ಕರೆದುಕೊಂಡು ಹೋಗಿ ಬಂದಳು. ಪರೀಕ್ಷೆ ಮುಗಿದ ಮೇಲೆ, ಮಳೆಗಾಲದಲ್ಲಿ ಹಸಿರಾಗುವ ಸಲಾಲಾಕ್ಕೆ ಹೋಗುವುದೆಂದು ಹುಡುಗಿ ಹೇಳಿದ್ದಾಳೆ. ಬಸ್ಸಿನಲ್ಲಿ ಹನ್ನೆರಡು ಗಂಟೆಯ ದಾರಿ. ಉಮ್ಮ್ ನಾಸಿರ್ ಈಗಾಗಲೇ ಎರಡು ದಿಂಬು ಹೊಲಿಸಿಟ್ಟಿದ್ದಾಳೆ.