ಸಿದ್ದೇಗೌಡರು ಮಾತುಗಾರರಾದದ್ದು

ಗೆಳೆಯರೇ, ಇವತ್ತು ಮಂಡ್ಯದ ನನ್ನ ಕ್ಲಿನಿಕ್ಕಿಗೆ ಕೊತ್ತತ್ತಿಯ ಸಿದ್ದೇಗೌಡರು ಹೆಂಡತಿಯೊಂದಿಗೆ ಬಂದಿದ್ದರು. ಅವರ ಹೃದಯದ ಕವಾಟ ಕಿರಿದಾಗುತ್ತಿದೆ. ಆರು ತಿಂಗಳಿಗೊಮ್ಮೆ ಎಕೋ ಮಾಡಿ ನೋಡುತ್ತೇನೆ. ಈ ಸಲ ತೀರಾ ಕಿರಿದಾಗಿತ್ತು. ಏದುಸಿರು ಶುರುವಾಗಿದ್ದರೆ ಕವಾಟ ಬದಲಿಸಲೇಬೇಕು.

"ನಡೆದರೆ ಏದುಸಿರು ಬರುತ್ತಾ?" ಎಂದೆ.

"ಏನಿಲ್ಲ ಡಾಕ್ಟ್ರೇ. ದಿನಾ ನಾಲೆಗಂಟ ನಡ್ಕಂಡೇ ಓಯ್ತೀನಿ."

ಹೆಂಡತಿ ಬಾಯಿ ಹಾಕಿದರು: "ಯಾರ್ನೂ ಮಾತಾಡುಸ್ದೋರು ಈಗ ದಾರೀಲಿ ಎಲ್ರ ಜಗುಲಿ ಮ್ಯಾಲೂ ಕುಂತ್ಕಂಡು ಮಾತಾಡುಸ್ತರೆ ಕಣಪ್ಪ. ಗದ್ದೆ ಬದ ಕಿತ್ತ ಅಂತ ಹತ್ತು ವರ್ಸ ಮಾತು ಬುಟ್ಟಿದ್ರಲ್ಲ, ಆ ದಾಯಾದಿ ಜಗುಲೀನೂ ಬುಡ್ನಿಲ್ಲ!"

"ಸುಮ್ಕಿರಮ್ಮಿ!" ಗದರಿದರು ಗೌಡರು.

ಕಾರಿಡಾರಿನ ತುದಿಯವರೆಗೆ ನನ್ನ ಜೊತೆ ನಡೆಯಿರಿ ಎಂದೆ. ಅರ್ಧ ದಾರಿಗೇ ಗೌಡರು ನಿಂತರು. ಗೋಡೆಗೆ ಕೈಯೂರಿ, ಬೆಂಚಿನಲ್ಲಿ ಕೂತಿದ್ದ ಅಪರಿಚಿತನೊಬ್ಬನನ್ನು ಕೇಳಿದರು: "ಯಾವೂರ್ಲಾ ನಿಂದು? ಮಳೆ ಆಯ್ತಾ?" ಎದೆ ಮಾತ್ರ ತಿದಿಯಂತೆ ಏರಿಳಿಯುತ್ತಿತ್ತು.

ಅವನು ಊರಿನ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನಾನು ಆಪರೇಷನ್ನಿಗೆ ಚೀಟಿ ಬರೆಯಲು ಕೂತಿದ್ದೆ.

ಪಾಪ, ಆ ದಾಯಾದಿ ಮಾತ್ರ ರಾಜಿಯಾಯಿತೆಂದೇ ನಂಬಿಕೊಂಡಿರಬೇಕು.