ಪೆರಿಖಾನಕ್ಕ ಎಸೆದ ಬಿಳಿ ವಸ್ತ್ರ

ಜಗಳ ಬಿಡಿಸಲೆಂದು ಹೋದವನು ನಾನು. ಕಾಲು ಜಾರಿ ಕಾಲುವೆಯಲ್ಲಿ ಸೊಂಟದವರೆಗೆ ನೆನೆದವನೂ ನಾನೇ. ಸಲಿಕೆ ಎತ್ತಿ ನಿಂತಿದ್ದ ಮೇಲಿನ ತೋಟದವರೂ ಕೆಳಗಿನ ತೋಟದವರೂ ಒಟ್ಟಿಗೆ ನಕ್ಕರು. ಬಿದ್ದರೂ ರಾಜಿಯಾಯಿತಲ್ಲ ಎಂದುಕೊಂಡೆ. ಅವರು ನಕ್ಕು ಮುಗಿಸಿ ಮತ್ತೆ ಸಲಿಕೆ ಎತ್ತಿದರು.

ತುರ್ಕಿಯ ವಾನ್ ಸರೋವರದ ಬದಿಯ ನಮ್ಮೂರಲ್ಲಿ ಬೇಸಿಗೆಯ ನೀರಿನ ಸರದಿ ಹುಡುಗಾಟವಲ್ಲ. ಇದೇ ಕಾಲುವೆಗಾಗಿ ಹಿಂದೊಮ್ಮೆ ಹೆಣ ಬಿದ್ದಿತ್ತು.

"ಪೆರಿಖಾನಕ್ಕನ್ನ ಕರೀರಿ" ಎಂದರು ಯಾರೋ.

"ಅವಳೀಗ ಮೇಯರ್ ಅಲ್ವಲ್ಲ" ಎಂದ ಮೇಲಿನ ತೋಟದ ಶೆಮ್‌ದೀನ್ ಮಾಮ.

ಅದೂ ನಿಜವೇ. ಕುರಿ ಮೇಯಿಸುವವರ ಡೇರೆಯಲ್ಲಿ ಹುಟ್ಟಿದ ಅಕ್ಕ, ಕಾಡುಸೊಪ್ಪಿನ ಚೀಸ್ ಮಾರುತ್ತ ಊರಿನ ಮನೆಮನೆಯ ಗುಟ್ಟು ತಿಳಿದವಳು. ನಮ್ಮ ಕುರ್ದರ ಪಕ್ಷ ಸೇರಿದಳು. ನ್ಯಾಯಾಲಯ ಪಕ್ಷ ಮುಚ್ಚಿತು. ಹೊಸ ಹೆಸರಲ್ಲಿ ಇನ್ನೊಂದು ಬಂತು, ಅದನ್ನೂ ಮುಚ್ಚಿದರು.

"ಈ ಹೆಸರುಗಳನ್ನ ನೆನಪಿಟ್ಕೊಳ್ಳೋದು ಹೇಗಕ್ಕ?" ಎಂದು ನಾನು ಗೊಣಗಿದ್ದೆ.

"ನಿಂಗ್ಯಾಕೋ ಆ ಚಿಂತೆ? ಪಕ್ಷದ ಬೋರ್ಡು ಬರೆಯೋ ಮುಜೋನ ನೋಡು, ಹೊಸ ಮನೆ ಕಟ್ಟಿಸ್ತಿದಾನೆ."

ಕೊನೆಗೆ ಮೇಯರ್ ಆದಳು. ಚರಂಡಿ ಕಟ್ಟಿಸಿದಳು, ಕಚೇರಿಗೆ ಬಂದ ಮುದುಕಿಯರ ಜೊತೆ ಅವರ ಕುರ್ದಿ ಭಾಷೆಯಲ್ಲೇ ಮಾತಾಡಿದಳು. ಅವಧಿ ಮುಗಿಯುವ ಮೊದಲೇ ರಾಜಧಾನಿ ಅಂಕಾರಾದಿಂದ ಆಜ್ಞೆ ಬಂದು ಕುರ್ಚಿಯಲ್ಲಿ ಬೇರೊಬ್ಬರು ಕೂತರು. ಅಕ್ಕ ಒಂದು ಚಳಿಗಾಲ ಸೆರೆಮನೆಯಲ್ಲಿದ್ದು, ಅಲ್ಲಿ ಕಾಲುಚೀಲ ಹೆಣೆಯಲು ಕಲಿತು ಬಂದಳು. ಮತ್ತೆ ಚೀಸ್ ಅಂಗಡಿ. ಜನ ನಲ್ಲಿಯ ದೂರು ಹೇಳಲು ಈಗಲೂ ಅಲ್ಲಿಗೇ ಬರುತ್ತಾರೆ, ಬಂದವರು ಚೀಸನ್ನೂ ಒಯ್ಯುತ್ತಾರೆ. ಅಕ್ಕನಿಗೆ ಎರಡೂ ಇಷ್ಟ.

ಕರೆ ಹೋದದ್ದೇ ಅಕ್ಕ ಏದುಸಿರು ಬಿಡುತ್ತ ಕಾಲುವೆಯ ಹತ್ತಿರ ಬಂದಳು. ಯಾರ ಮುಖವನ್ನೂ ನೋಡಲಿಲ್ಲ. ತಲೆಯ ಬಿಳಿ ವಸ್ತ್ರ ತೆಗೆದು ಎರಡೂ ಕಡೆಯವರ ನಡುವೆ ಎಸೆದಳು.

ಹಿರಿಯಳ ತಲೆವಸ್ತ್ರ ದಾಟಿ ಹೊಡೆದವನ ಮನೆಗೆ ನಮ್ಮಲ್ಲಿ ಯಾರೂ ಹೆಣ್ಣು ಕೊಡುವುದಿಲ್ಲ. ಮಾಮನ ಮಗ ಎತ್ತಿದ ಕಾಲನ್ನು, ಅದು ಬೇರೆ ಯಾರದೋ ಕಾಲೆಂಬಂತೆ, ಮೆಲ್ಲಗೆ ಹಿಂದಿಟ್ಟ. ಸಲಿಕೆಗಳು ಇಳಿದವು.

"ಮಧ್ಯಾಹ್ನದವರೆಗೆ ಮೇಲಿನ ತೋಟ, ಆಮೇಲೆ ಕೆಳಗಿನದು. ನಾಳೆ ಇದರ ಉಲ್ಟಾ" ಎಂದಳು. ಎರಡೂ ಕಡೆಯವರು ಹೂಂ ಎಂದರು.

ಚಹಾ ಬಂತು. ಶೆಮ್‌ದೀನ್ ಮಾಮ ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದ: "ಅಲ್ಲಮ್ಮ, ಕುರ್ಚಿ ಹೋಯ್ತು. ಈಗ ಯಾವ ಅಧಿಕಾರದ ಮೇಲೆ ಬಂದೆ ನೀನು?"

"ಯಾವುದೂ ಇಲ್ಲ ಮಾಮ. ಅದಕ್ಕೇ ಬರೋಕೆ ಪುರುಸೊತ್ತಾಯ್ತು."